ಅತ್ತೆ ಹಿತ್ತಿಲಲ್ಲಿ ಮನೆ ಕಟ್ಟಿದ ವರ್ಷ

ಕಳೆದ ವಾರ ಹಟ್ಟಿಯಂಗಡಿಯಲ್ಲಿ ನಮ್ಮ ಶಾಲೆಯ ಟೀಚರೊಬ್ಬರ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಕೆಂಪುಕಲ್ಲು ಕತ್ತರಿಸುತ್ತಿದ್ದರು. ಯಂತ್ರ ಕಲ್ಲಿಗೆ ತಾಗಿದಾಗಲೆಲ್ಲ ಕೆಂಪು ಹುಡಿ ಎದ್ದು ನಮ್ಮ ಸೀರೆಯ ಮೇಲೆ ಕೂರುತ್ತಿತ್ತು. ಅರ್ಧಕ್ಕೆ ಏರಿದ ಗೋಡೆಗೆ ಒಬ್ಬರು ಪೈಪಿನಲ್ಲಿ ನೀರು ಬಿಡುತ್ತಿದ್ದರು. ಬಿಸಿಲಿಗೆ ಕಾದ ಕಲ್ಲು ನೀರು ಕುಡಿಯುವಾಗ ಒಂದು ವಾಸನೆ ಬರುತ್ತದಲ್ಲ, ಮಣ್ಣಿನದೂ ಅಲ್ಲ, ಸಿಮೆಂಟಿನದೂ ಅಲ್ಲ, ಅದು ಮೂಗಿಗೆ ಬಡಿದದ್ದೇ ತಡ ನಾನು ಮಾತು ನಿಲ್ಲಿಸಿದೆ. ಟೀಚರು, "ಹುಡಿ ಜಾಸ್ತಿಯಾಯ್ತಾ, ಒಳಗೆ ಹೋಪನಾ?" ಎಂದರು. ಹುಡಿ ಕಾರಣವಾಗಿರಲಿಲ್ಲ. ನನ್ನ ಅತ್ತೆ ಹಿತ್ತಿಲಲ್ಲಿ ತಮಗೆಂದೇ ಒಂದು ಮನೆ ಕಟ್ಟಿಸಿಕೊಂಡ ವರ್ಷ, ಸಂಕ್ರಾಂತಿಯಿಂದ ಮಳೆಗಾಲದವರೆಗೆ ನಮ್ಮ ಮನೆಯಲ್ಲಿದ್ದದ್ದು ಇದೇ ವಾಸನೆ.

ನನ್ನ ತವರು ಬ್ರಹ್ಮಾವರದ ಬದಿ. ಮದುವೆಯಾಗಿ ಬಂದದ್ದು ಕಿರಿಮಂಜೇಶ್ವರಕ್ಕೆ. ಮನೆ ಹೆದ್ದಾರಿಯ ಮೂಡುಬದಿಗೆ, ಸ್ವಲ್ಪ ಒಳಗೆ. ಗಂಡ ಸುರೇಶ ಆಳಸಮುದ್ರದ ಬೋಟಿನಲ್ಲಿ ಕೆಲಸ ಮಾಡುವವರು. ಹೋದರೆ ವಾರಗಟ್ಟಲೆ ನೀರಿನ ಮೇಲೆ, ಬಂದರೆ ಎರಡು ದಿನ ನಿದ್ದೆ. ನಾನು ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮಾವ ನಾನು ಬರುವ ಮೊದಲೇ ತೀರಿಹೋಗಿದ್ದರು. ಅತ್ತೆಯ ಹೆಸರು ಕಾವೇರಿ, ಊರಿಗೆಲ್ಲ ಕಾವೇರಕ್ಕ. ಬೆಳಗಾಗುವ ಮೊದಲೇ ಎದ್ದು ಗಂಗೊಳ್ಳಿ ಬಂದರಿಗೆ ಹೋಗಿ, ಮೀನು ತೆಗೆದುಕೊಂಡು, ಹಟ್ಟಿಯಂಗಡಿ ಬದಿಯ ಮನೆಮನೆಗೆ ಮಾರಿ, ಮಧ್ಯಾಹ್ನ ಖಾಲಿ ಬುಟ್ಟಿಯೊಂದಿಗೆ ಮರಳುವ ಹೆಂಗಸು. ಅವರ ಸ್ವರ ಬಸ್‌ಸ್ಟ್ಯಾಂಡಿನಿಂದಲೇ ಕೇಳುತ್ತಿತ್ತು. ಆ ಸ್ವರ ಕೇಳಿ ನಾನು ಅನ್ನಕ್ಕೆ ನೀರಿಡುತ್ತಿದ್ದೆ.

ನಾನು ಬಂದಾಗ ಇದ್ದದ್ದು ಹಂಚಿನ ಮನೆ. ಕೆಲವು ವರ್ಷಗಳ ನಂತರ ಅದನ್ನು ಕೆಡವಿ ತಾರಸಿ ಮನೆ ಕಟ್ಟಿದೆವು. ಅಡುಗೆಮನೆಗೆ ಕಪ್ಪು ಗ್ರಾನೈಟು, ಗ್ಯಾಸು, ಹೊಗೆ ಎಳೆಯುವ ಯಂತ್ರ. ಹೊರಗಿನ ಕೋಣೆಗೆ ಸೋಫಾ. ಊರಿನವರು ಬಂದು ನೋಡಿ ಒಳ್ಳೆಯದಾಯಿತು ಎಂದರು. ಅತ್ತೆಯೂ ಹಾಗೆಯೇ ಎಂದರು. ಆದರೆ ನಿಧಾನಕ್ಕೆ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಅವರು ಮೀನಿನ ಸಾರನ್ನು ಗ್ಯಾಸಿನ ಮೇಲೆ ಮಾಡುತ್ತಿರಲಿಲ್ಲ. ಬಚ್ಚಲಿನ ಹೊರಗೆ ಮೂರು ಕಲ್ಲಿಟ್ಟು, ಮಣ್ಣಿನ ಅಳಗೆಯಲ್ಲಿ, ಬಗ್ಗಿ ಕುಳಿತು ಮಾಡುತ್ತಿದ್ದರು. ಅವರೊಟ್ಟಿಗೆ ಮೀನು ಮಾರುವ ಹೆಂಗಸರು ಮೊದಲು ಜಗಲಿಯಲ್ಲಿ ಕಾಲು ಚಾಚಿ ಕುಳಿತು ವೀಳ್ಯ ಜಗಿಯುತ್ತ ಸಂಜೆಯವರೆಗೆ ಮಾತಾಡುತ್ತಿದ್ದರು. ಹೊಸ ಮನೆಯಲ್ಲಿ ಅವರು ಮೆಟ್ಟಿಲ ಹತ್ತಿರವೇ ನಿಂತು, ಎರಡು ಮಾತಾಡಿ, ಸೋಫಾದ ಕಡೆ ಒಮ್ಮೆ ನೋಡಿ ಹೋಗಿಬಿಡುತ್ತಿದ್ದರು. ಒಳಗೆ ಬನ್ನಿ ಎಂದು ನಾನು ಎಷ್ಟು ಕರೆದರೂ ಬರಲಿಲ್ಲ.

ನವರಾತ್ರಿ ಮುಗಿದ ವಾರ, ಒಂದು ಸಂಜೆ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅತ್ತೆ ಎದುರಿಗೆ ಬಂದು ನೆಲದ ಮೇಲೆ ಕುಳಿತರು.

"ಹೆಣೆ, ಹಿತ್ಲಂಗೆ ನಂಗೊಂದ್ ಮನಿ ಬೇಕ್."

"ಮನಿಯಾ? ಎಂತಕೆ ಅತ್ತೆ?"

"ಇಪ್ಪುಕೆ. ಮತ್ತೆಂತಕೆ ಮನಿ ಕಟ್ಟುದ್?"

ನನ್ನ ಕೈಯ ಕೆಂಪು ಪೆನ್ನು ಅಲ್ಲಿಗೇ ನಿಂತಿತು. "ನಾನ್ ಎಂತಾರೂ ತಪ್ಪ್ ಮಾಡಿದ್ನಾ?" ಎಂದೆ.

"ನಿನ್ ತಪ್ಪೆಂತ ಬಂತ್ ಇದ್ರಂಗೆ?" ಅತ್ತೆ ನಕ್ಕರು. "ಎಲ್ಲದನ್ನೂ ನಿನ್ ಮೇಲೆ ಎಳ್ಕಂಬುದ್ ಬ್ಯಾಡ. ಇದ್ ನನ್ ವಿಷ್ಯ. ನಂಗೆ ಕಟ್ಗಿ ಒಲಿ ಬೇಕ್. ನನ್ ಜನ ಬಂದ್ರೆ ಕೂಕಂಬುಕೆ ಒಂದ್ ಜಗ್ಲಿ ಬೇಕ್. ಬೆಳಿಗ್ಗೆ ಎದ್ದ್ ಪಾತ್ರಿ ಶಬ್ದ ಮಾಡಿರೆ ಯಾರ್ ನಿದ್ರಿ ಹಾಳಾತ್ತ್ ಅಂದೇಳಿ ಯೋಚ್ನಿ ಮಾಡುದ್ ಬ್ಯಾಡ ಕಾಣ್ ನಂಗೆ. ದುಡ್ಡ್ ನನ್ ಹತ್ರವೇ ಇತ್ತ್."

ಅವರು ಹೇಳಿದ್ದರಲ್ಲಿ ಒಂದೂ ತಪ್ಪು ಮಾತಿರಲಿಲ್ಲ. ಆದರೆ ಊರಿನಲ್ಲಿ ಏನು ಮಾತಾಗುತ್ತದೆಂದು ನನಗೆ ಗೊತ್ತಿತ್ತು. ತಾರಸಿ ಮನೆಯಲ್ಲಿ ಟೀಚರು, ಹಿತ್ತಿಲ ಗೂಡಿನಲ್ಲಿ ಅತ್ತೆ. ಗಂಡನಿಗೆ ಫೋನು ಮಾಡಿದೆ. ಅವರು ಬೋಟು ಬಂದರಿನ ದಕ್ಕೆಗೆ ಬಂದಿದ್ದಾಗ ಸಿಕ್ಕರು.

"ಅಮ್ಮಂಗ್ ಎಂತ ಆಯ್ತ್ ಮಾರಾಯ್ತಿ? ಊರವ್ರ್ ನನ್ ಮುಖಕ್ಕ್ ಉಗಿತ್ರ್," ಎಂದರು.

"ನಿಮ್ ಮುಖಕ್ಕಲ್ಲ, ನನ್ ಮುಖಕ್ಕೆ ಉಗಿಯುದ್," ಎಂದೆ. "ಆದ್ರೂ ಕಟ್ಟುವ. ಅವ್ರ್ ಕೇಂಡದ್ದ್ ಸಮ ಇತ್ತ್."

ಆ ಮಾತು ಬಾಯಿಂದ ಬಂದ ಮೇಲೆಯೇ ನನಗೆ ಗೊತ್ತಾದದ್ದು, ನಾನು ಅತ್ತೆಯ ಕಡೆ ಎಂದು. ಅಲ್ಲಿಂದ ಮುಂದೆ ಒಮ್ಮೆಯೂ ನಾನು ಆ ಕಡೆ ಬಿಡಲಿಲ್ಲ.

ದೀಪಾವಳಿ ಕಳೆದು ಮಳೆಯ ಕೊನೆಯ ಹನಿಯೂ ಹೋದ ಮೇಲೆ ಮಂಜ ಮೇಸ್ತ್ರಿ ಬಂದರು. ನಮ್ಮ ಹಳೆಯ ಹಂಚಿನ ಮನೆಯನ್ನೂ ಅವರ ತಂದೆಯೇ ಕಟ್ಟಿದ್ದಂತೆ. ಹಿತ್ತಿಲನ್ನು ಒಂದು ಸುತ್ತು ನೋಡಿ, ಮೂಡುಬದಿಯ ಮೂಲೆ ಸಮತಟ್ಟಾಗಿದೆ, ಅಲ್ಲೇ ಆಗಲಿ ಎಂದರು. ಆ ಮೂಲೆ ಪಕ್ಕದ ಮನೆಯ ಶೀನಣ್ಣನ ಕಂಪೌಂಡಿಗೆ ತಾಗಿಕೊಂಡಿತ್ತು. ಕೆಂಪುಕಲ್ಲಿನ ಲೋಡು ಬಂತು. ಹಗ್ಗ ಹಿಡಿದು ಪಾಯಕ್ಕೆ ಗೆರೆ ಹಾಕಿದರು. ಒಂದು ಕಡೆ ಪಾಯ ಅಗೆದರು, ಇನ್ನೊಂದು ಕಡೆ ಪಾಯಿಖಾನೆಯ ಗುಂಡಿಗೆ ಮಣ್ಣು ತೆಗೆಯಲು ಶುರು ಮಾಡಿದರು. ಅತ್ತೆ ಮೀನು ಮಾರಿ ಬಂದವರೇ ಬುಟ್ಟಿ ಇಟ್ಟು, ಗೆರೆಯ ಒಳಗೆ ನಿಂತು, ಇಲ್ಲಿ ಒಲೆ, ಇಲ್ಲಿ ಬಾಗಿಲು ಎಂದು ಕೈ ತೋರಿಸುತ್ತಿದ್ದರು.

ಒಂದು ಬೆಳಿಗ್ಗೆ ಪಂಚಾಯಿತಿಯಿಂದ ಬಿಲ್ ಕಲೆಕ್ಟರು ನೋಟಿಸು ತಂದುಕೊಟ್ಟರು. ಪರವಾನಗಿ ಇಲ್ಲದೆ ಕಟ್ಟಡ ಕಟ್ಟುತ್ತಿದ್ದೀರಿ, ಕೆಲಸ ನಿಲ್ಲಿಸಿ ಎಂದು. ದೂರು ಕೊಟ್ಟವರು ಯಾರು ಎಂದು ಕೇಳಿದೆ. ಅವರು ಪಕ್ಕದ ಶೀನಣ್ಣನ ಮನೆಯ ಕಡೆ ಕಣ್ಣು ತಿರುಗಿಸಿದರು.

ಶೀನಣ್ಣ ಬಸ್ಸು ಓಡಿಸಿ ನಿವೃತ್ತರಾದವರು. ನಮ್ಮಲ್ಲಿ ಹಬ್ಬದ ಪಾಯಸವಾದರೆ ಕಂಪೌಂಡಿನ ಮೇಲಿಂದ ಅವರ ಮನೆಗೆ ಹೋಗುತ್ತಿತ್ತು, ಅವರ ಹಲಸಿನಹಣ್ಣು ಅದೇ ದಾರಿಯಲ್ಲಿ ಈಚೆ ಬರುತ್ತಿತ್ತು. ಅಂಥವರು ಒಂದು ಮಾತು ಹೇಳದೆ ದೂರು ಕೊಟ್ಟರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಅತ್ತೆ ಮಾತ್ರ ಶಾಂತವಾಗಿ, "ಶೀನ ಸುಮ್ನೆ ಹೋಪ ಜನ ಅಲ್ಲ. ಎಂತದೋ ಇತ್ತ್. ನೀನ್ ಮೊದ್ಲ್ ಪಂಚಾಯ್ತಿಗ್ ಹೋಯ್ ಬಾ," ಎಂದರು.

ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಶೈಲಜಾ ಎಂಬವರು. ಘಟ್ಟದ ಮೇಲಿನವರು, ಬಂದು ಹೆಚ್ಚು ಕಾಲವಾಗಿರಲಿಲ್ಲ. ನಾನು ತಯಾರಾಗಿಯೇ ಹೋಗಿದ್ದೆ.

"ಮೇಡಂ, ಹಿತ್ತಿಲಲ್ಲಿ ಕಟ್ಟಿಗೆ ಇಡಲು ನಾಲ್ಕು ಕಂಬದ ಮೇಲೆ ಮಾಡು ಹಾಕುತ್ತಾರೆ, ದನದ ಕೊಟ್ಟಿಗೆ ಹಾಕುತ್ತಾರೆ. ಅದಕ್ಕೆಲ್ಲ ಯಾರೂ ಪಂಚಾಯಿತಿಗೆ ಬಂದದ್ದಿಲ್ಲ. ಇದಕ್ಕೆ ಮಾತ್ರ ಯಾಕೆ?" ಎಂದೆ.

"ಕಟ್ಟಿಗೆ ಉಸಿರಾಡುವುದಿಲ್ಲ ಟೀಚರ್, ಪಾಯಿಖಾನೆಗೂ ಹೋಗುವುದಿಲ್ಲ," ಎಂದರು ಅವರು. "ಮನುಷ್ಯರು ವಾಸ ಮಾಡುತ್ತಾರೆ, ಒಲೆ ಉರಿಸುತ್ತಾರೆ ಅಂದಮೇಲೆ ಹಿತ್ತಿಲಲ್ಲಿದ್ದರೂ ಅದು ಕಟ್ಟಡವೇ. ನಕ್ಷೆ ಬೇಕು. ಗಡಿಯಿಂದ ಜಾಗ ಬಿಡಬೇಕು. ನಿಮ್ಮ ಸೂರಿನ ಮಳೆನೀರು ನಿಮ್ಮ ಜಾಗದಲ್ಲೇ ಬೀಳಬೇಕು. ಗುಂಡಿ ಬಾವಿಯಿಂದ ದೂರ ಇರಬೇಕು, ನಿಮ್ಮ ಬಾವಿಯಿಂದ ಮಾತ್ರ ಅಲ್ಲ, ಪಕ್ಕದವರ ಬಾವಿಯಿಂದಲೂ. ನೀವು ಹೆದ್ದಾರಿಯ ಪಡುಬದಿಯಲ್ಲಿದ್ದಿದ್ದರೆ ಸಮುದ್ರದಂಡೆಯ ಕಾನೂನೂ ನೋಡಬೇಕಾಗಿತ್ತು. ಪುಣ್ಯಕ್ಕೆ ಅದೊಂದು ಇಲ್ಲ."

ನಾನು ಇದನ್ನೆಲ್ಲ ಬರೆದುಕೊಂಡೆ. ವಾದ ಮಾಡಲು ಹೋದವಳಿಗೆ ವಾದಕ್ಕೆ ಜಾಗವೇ ಇರಲಿಲ್ಲ. ಒಂದೊಂದು ನಿಯಮಕ್ಕೂ ಅದರ ಕಾರಣ ಕಣ್ಣೆದುರೇ ಇತ್ತು. ಆಮೇಲೆ ಅವರು ಕೇಳಿದರು, "ಕಟ್ಟುತ್ತಿರುವುದು ಯಾರಿಗೆ? ಬಾಡಿಗೆಗಾ?"

"ಅಲ್ಲ ಮೇಡಂ. ನಮ್ಮ ಅತ್ತೆಗೆ."

ಅವರು ಪೆನ್ನು ಕೆಳಗಿಟ್ಟರು. ಮುಖ ಬಿಗಿಯಾಯಿತು. "ಅಷ್ಟು ದೊಡ್ಡ ಮನೆಯಿದ್ದು ವಯಸ್ಸಾದವರನ್ನು ಹಿತ್ತಿಲಿಗೆ ಕಳಿಸುತ್ತೀರಾ? ಇದಕ್ಕೆ ನಾನು ಸಹಿ ಹಾಕಬೇಕಾ?"

ಊರಿನವರು ಹೇಳುತ್ತಾರೆಂದು ನಾನು ಹೆದರಿದ್ದ ಮಾತನ್ನು ಮೊದಲು ಹೇಳಿದವರು ಸರಕಾರದ ಕುರ್ಚಿಯಲ್ಲಿದ್ದವರು. ಕಣ್ಣಲ್ಲಿ ನೀರು ಬಂತು, ಆದರೆ ತಗ್ಗಲಿಲ್ಲ. "ನನ್ನ ಮಾತು ನಂಬಬೇಡಿ. ನೀವೇ ಬಂದು ಅವರನ್ನು ಕೇಳಿ," ಎಂದೆ.

"ಬರುತ್ತೇನೆ. ನೀವಿಲ್ಲದಾಗ ಬರುತ್ತೇನೆ," ಎಂದರು.

ಆದರೆ ಅವರು ಬಂದ ದಿನ ಶಾಲೆಗೆ ರಜೆ. ನಾನು ಅಡುಗೆಮನೆಯ ಕಿಟಕಿಯಲ್ಲೇ ಇದ್ದೆ. ಅತ್ತೆ ಆಗಷ್ಟೇ ಬಂದು, ಮೂರು ಕಲ್ಲಿನ ಒಲೆಯ ಮುಂದೆ ಬಂಗುಡೆ ಬೇಯಿಸುತ್ತಿದ್ದರು. ಮೇಡಂ ಹತ್ತಿರ ಹೋಗಿ ಮೆಲ್ಲಗೆ, "ಅಮ್ಮಾ, ನಿಮಗೆ ಈ ಮನೆಯಲ್ಲಿ ತೊಂದರೆ ಏನಾದರೂ ಇದೆಯಾ? ಹೆದರಬೇಡಿ, ಹೇಳಿ," ಎಂದರು.

ಅತ್ತೆ ಸೌಟು ತಿರುಗಿಸುತ್ತಲೇ, "ನಂಗ್ ಹೆದ್ರಿಕಿಯಾ?" ಎಂದು ಕೇಳಿದರು. ಆಮೇಲೆ ಎದ್ದು ನಿಂತು ಸೆರಗಿಗೆ ಕೈ ಒರೆಸಿಕೊಂಡರು. "ಕಾಣಿ ಮೇಡಂ, ನಾನ್ ಮದಿ ಆಯ್ ಈ ಊರಿಗ್ ಬಪ್ಪತಿಗೆ ಅತ್ತಿ ಮನಿ ಒಲಿ. ಅವ್ರ್ ಹೋದ್ ಮೇಲೆ ಅದ್ ನನ್ ಒಲಿ ಆಯ್ತ್. ಈಗಳ್ ಆ ಮನಿ ಇಲ್ಲೆ. ಈ ಒಳಗಿನ್ ಅಡ್ಗಿಮನಿ ನನ್ ಸೊಸಿದ್. ಅದ್ರ್ ಕೈಯಂಗ್ ಅದ್ ಚೆಂದ ಇತ್ತ್, ನಾನ್ ಅದ್ರಂಗ್ ಕೈ ಹಾಕುದಿಲ್ಲೆ. ನಂಗೆ ನನ್ನದ್ ಬೇಕ್. ನನ್ನ ಯಾರೂ ಹೊರಗ್ ಹಾಕ್ಲಿಲ್ಲೆ. ನಾನ್ ಹೊರಗ್ ಹೋಪ್ದಲ್ಲ, ನನ್ ಮನಿಗ್ ಹೋಪ್ದ್."

"ಕೂಕಣಿ, ಉಂಡ್ಕಂಡ್ ಹೋಯ್ಲಕ್," ಎಂದು ಅತ್ತೆ ಮಣೆ ಎಳೆದರು. ಮೇಡಂ ಮೀನು ತಿನ್ನುವವರಲ್ಲವಂತೆ. ಒಂದು ಲೋಟ ಮಜ್ಜಿಗೆ ಕುಡಿದರು. ಆಮೇಲೆ ಟೇಪು ತೆಗೆದು, ಸ್ವರ ಬದಲಿಸಿ, "ಹಾಗಾದರೆ ಸರಿಯಾಗಿಯೇ ಕಟ್ಟೋಣ ಅಮ್ಮಾ. ಈ ಮೂಲೆಯಲ್ಲಿ ಆಗುವುದಿಲ್ಲ," ಎಂದರು. ಶೀನಣ್ಣನ ಕಂಪೌಂಡಿನ ಹತ್ತಿರ ಹೋಗಿ ಆಚೆ ಬಗ್ಗಿ ನೋಡಿ, ನಮ್ಮನ್ನೂ ಕರೆದರು.

ಆಚೆಯಿದ್ದದ್ದು ಶೀನಣ್ಣನ ಬಾವಿ. ಎಷ್ಟೋ ಸಲ ಕಂಡದ್ದೇ, ಆದರೆ ನಮ್ಮ ಗುಂಡಿಯ ಬದಿಯಲ್ಲಿ ನಿಂತು ನೋಡಿರಲಿಲ್ಲ. ಗುಂಡಿಗೂ ಬಾವಿಗೂ ನಡುವೆ ಒಂದು ಕಂಪೌಂಡು, ಒಂದು ಬಾಳೆಯ ಸಾಲು, ಅಷ್ಟೇ. ಏಪ್ರಿಲ್ ಬಂದರೆ ನಮ್ಮ ಸುತ್ತಿನ ಬಾವಿಗಳ ನೀರೆಲ್ಲ ಉಪ್ಪಾಗುತ್ತದೆ. ಸಿಹಿಯಾಗಿ ಉಳಿಯುವುದು ಶೀನಣ್ಣನ ಬಾವಿ ಒಂದೇ. ಪ್ರತಿ ಬೇಸಿಗೆಯಲ್ಲಿ ನಾವು, ನಮ್ಮ ಹಿಂದಿನ ನಾಲ್ಕಾರು ಮನೆಯವರು ಕೊಡ ಹಿಡಿದು ಹೋಗುತ್ತಿದ್ದದ್ದು ಅಲ್ಲಿಗೇ.

ಶೀನಣ್ಣ ಬಾವಿಕಟ್ಟೆಯ ಹತ್ತಿರವೇ ನಿಂತಿದ್ದರು. ಮುಖ ಎತ್ತಲಿಲ್ಲ.

"ಹ್ವಾಯ್ ಶೀನ," ಅತ್ತೆ ಕರೆದರು. "ಇದನ್ನ್ ನನ್ ಹತ್ರ ಹೇಳುಕ್ ಆತಿರ್ಲಿಲ್ಯಾ?"

"ಎರಡ್ ಸಲ ಬಂದಿದ್ದೆ ಕಾವೇರಕ್ಕ," ಎಂದರು ಶೀನಣ್ಣ. "ಒಂದ್ ಸಲ ನೀವ್ ಮೇಸ್ತ್ರಿಗ್ ಬೈತಾ ಇದ್ರಿ. ಇನ್ನೊಂದ್ ಸಲ ಗೆರಿ ಒಳಗ್ ನಿತ್ಕಂಡ್ ನೆಗಾಡ್ತಾ ಇದ್ರಿ. ಬೈಯುದಾರ್ ಬೈನಿ, ಅಷ್ಟ್ ಖುಷಿಯಂಗ್ ಇಪ್ಪೋರ್ ಹತ್ರ ಬ್ಯಾಡ ಅಂದೇಳಿ ಹ್ಯಾಂಗ್ ಹೇಳುದ್? ಸುರೇಶ ಬಪ್ಪುಕ್ ಕಾದ್ರೆ ಗುಂಡಿ ತೆಗ್ದ್ ಮುಗಿತಿತ್ತ್. ಅದ್ಕೆ ಪಂಚಾಯ್ತಿಗ್ ಹೋದೆ."

ಅತ್ತೆ ಕಂಪೌಂಡಿನ ಮೇಲೆ ಎರಡೂ ಕೈ ಊರಿ ಅವರನ್ನೇ ನೋಡಿದರು. "ಗುಂಡಿ ನಾಳಿಗೇ ಮುಚ್ಸ್ತೆ. ಬಾವಿ ನಿನ್ನದಾರೂ ನೀರ್ ಕುಡುದ್ ಎಲ್ಲರೂ ಅಲ್ದಾ," ಎಂದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಶೀನಣ್ಣನ ಮುಖ ಸಡಿಲವಾದದ್ದು ಕಂಡಿತು. ಮರುದಿನ ಮಣ್ಣು ಮುಚ್ಚುವಾಗ ಅವರೇ ಹಾರೆ ತಂದು ಆಳುಗಳೊಟ್ಟಿಗೆ ನಿಂತರು.

ಹಾಗಾದರೆ ಮನೆ ಎಲ್ಲಿ? ಮೇಡಂ ಟೇಪು ಹಿಡಿದು ಅಳೆದರು, ಮೇಸ್ತ್ರಿ ಹಗ್ಗ ಹಿಡಿದು ಅಳೆದರು. ಎರಡು ಬದಿಯ ಗಡಿಯಿಂದ ಬಿಡಬೇಕಾದ ಜಾಗ ಬಿಟ್ಟು, ದೊಡ್ಡ ಮನೆಗೂ ನಡುವೆ ಗಾಳಿ ಬೆಳಕಿಗೆ ಜಾಗ ಬಿಟ್ಟು, ಗುಂಡಿಗೆ ಬಾವಿಯಿಂದ ದೂರ ಹುಡುಕಿದರೆ ಉಳಿದದ್ದು ಪಡುಬದಿಯ ಒಂದೇ ಜಾಗ. ಅಲ್ಲಿ ಒಂದು ತೆಂಗಿನಮರವಿತ್ತು. ಸುರೇಶ ಹುಟ್ಟಿದ ವರ್ಷ ಮಾವ ನೆಟ್ಟದ್ದು. ವರ್ಷವಿಡೀ ಕಾಯಿ ಕೊಡುತ್ತಿದ್ದ ಮರ.

ಫೋನಿನಲ್ಲಿ ಕೇಳಿ ಸುರೇಶ ಸಿಟ್ಟಾದರು. ಅಪ್ಪ ನೆಟ್ಟ ಮರ ಕಡಿಯುವುದಾದರೆ ಮನೆಯೇ ಬೇಡ ಎಂದರು. ನನಗೂ ಕಡಿಸುವ ಮನಸ್ಸಿರಲಿಲ್ಲ. ಜಗಲಿ ಸಣ್ಣದು ಮಾಡಿದರೆ ಮರ ಉಳಿಸಬಹುದು ಎಂದು ಮೇಸ್ತ್ರಿ ಒಂದು ದಾರಿ ಹೇಳಿದರು. ಅತ್ತೆ ಆ ದಾರಿಯನ್ನು ಕೂಡಲೇ ತಳ್ಳಿಹಾಕಿದರು.

"ಜಗ್ಲಿ ಸಣ್ಣ ಮಾಡುದಾರೆ ಮನಿ ಎಂತಕೆ ಕಟ್ಟುದ್?" ಎಂದರು. ಫೋನು ನನ್ನ ಕೈಯಿಂದ ತೆಗೆದುಕೊಂಡು ಮಗನಿಗೆ, "ನೆಟ್ಟೋರಿಗ್ ನಾನ್ ಹೇಳ್ಕಂತೆ. ನೀನ್ ಬೋಟ್ ಕಾಣ್," ಎಂದು ಇಟ್ಟುಬಿಟ್ಟರು.

ಮರ ಕಡಿಯುವ ದಿನ ಅತ್ತೆ ಮೀನಿಗೆ ಹೋಗಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಮರದ ಬುಡಕ್ಕೆ ನೀರು ಹೊಯ್ದು, ಕಾಂಡದ ಮೇಲೆ ಅಂಗೈ ಇಟ್ಟು ಏನೋ ಹೇಳಿಕೊಂಡರು. ಸ್ವರ ಹೊರಗೆ ಬರಲಿಲ್ಲ. ಅವರ ಸ್ವರ ಕೇಳಿಸದಿದ್ದದ್ದನ್ನು ನಾನು ನೋಡಿದ್ದು ಆ ಒಂದೇ ಸಲ. ಮರ ಬಿದ್ದಾಗ ನೆಲ ಅದುರಿತು. ನನಗೆ ಅಳು ತಡೆಯಲಾಗಲಿಲ್ಲ. ಅವರು ಅಳಲಿಲ್ಲ. ಬಿದ್ದ ಮರದ ಎಳನೀರು ಕೊಯ್ಯಿಸಿ ಆಳುಗಳಿಗೂ ಶೀನಣ್ಣನಿಗೂ ಕೊಟ್ಟು, ನನಗೊಂದು ತಂದು, "ಕುಡಿ. ಸಿಹಿ ಇತ್ತ್," ಎಂದರು. ಅದೇ ವಾರ ಬೇಲಿಯ ಬದಿಗೆ ಎರಡು ಸಸಿ ನೆಟ್ಟರು.

ನಕ್ಷೆ ಮಾಡಿಸಿ, ಅರ್ಜಿ ಕೊಟ್ಟು, ಪರವಾನಗಿ ಕೈಗೆ ಬರುವಾಗ ಸಂಕ್ರಾಂತಿ ಕಳೆದಿತ್ತು. ಮೇಡಂ ಒಂದು ವಿಷಯ ಸ್ಪಷ್ಟವಾಗಿ ಹೇಳಿದರು. ಒಂದೇ ಜಾಗ, ಒಂದೇ ಖಾತೆ ಇರುವ ಕಾರಣ ಹಿತ್ತಿಲ ಮನೆಗೆ ಬೇರೆ ನಂಬರು ಕೊಡಲು ಬರುವುದಿಲ್ಲ. ಸರಕಾರದ ಲೆಕ್ಕದಲ್ಲಿ ಅದು ದೊಡ್ಡ ಮನೆಯದೇ ಒಂದು ಭಾಗ. ಅತ್ತೆಗೆ ಇದು ಬೇಸರ ತರಬಹುದೆಂದು ನಾನು ಮೆತ್ತಗೆ ತಿಳಿಸಿದೆ.

"ಅಕ್ಕ್, ಅಡ್ಡಿಲ್ಲೆ," ಎಂದರು. "ನಂಬ್ರ್ ಅವ್ರ್ ಇಟ್ಕಳ್ಲಿ. ಒಲಿ ನನ್ನದ್ ಅಲ್ದಾ?"

ಕೆಲಸ ಮತ್ತೆ ಹಿಡಿಯಿತು. ಚಳಿಯ ಬೆಳಿಗ್ಗೆಗಳಲ್ಲಿ ನಾನು ಶಾಲೆಗೆ ಹೊರಡುವ ಮೊದಲು ಗೋಡೆಗೆ ನೀರು ಹೊಡೆಯುತ್ತಿದ್ದೆ. ಸಂಜೆ ಬರುವಾಗ ಒಂದು ಸಾಲು ಏರಿರುತ್ತಿತ್ತು. ಆ ಹೊತ್ತಿಗೆ ಮಾತೂ ಊರಲ್ಲಿ ಏರಿತ್ತು. ಮದುವೆಮನೆಗಳಲ್ಲಿ ನನ್ನನ್ನು ಕಂಡು ಕೆಲವರು ಸ್ವರ ತಗ್ಗಿಸುತ್ತಿದ್ದರು. ಒಂದು ಭಾನುವಾರ ನಾನೂ ಅತ್ತೆಯೂ ಹಾಲಾಡಿಗೆ ಹೋಗಬೇಕಾಗಿತ್ತು, ಹಳೆಯ ಮನೆಯೊಂದನ್ನು ಕೆಡವಿದ್ದರ ಹಂಚು ಮಾರಾಟಕ್ಕಿದೆ ಎಂದು ಮೇಸ್ತ್ರಿ ಹೇಳಿದ್ದರು. ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು. ನಮ್ಮ ಊರಿನವರಲ್ಲ; ನಮ್ಮನ್ನು ನೋಡಿದವರೂ ಅಲ್ಲ.

"ಕಿರಿಮಂಜೇಶ್ವರದಂಗ್ ಒಂದ್ ಟೀಚರ್ ಇತ್ತಂಬ್ರಲೆ," ಒಬ್ಬಾಕೆ ಹೇಳುತ್ತಿದ್ದಳು. "ಅತ್ತಿನ ಹಿತ್ಲಿಗ್ ಹಾಕ್ತಂಬ್ರ್. ಕಲ್ತೋರ್ ಅಂದ್ರೆ ಹೀಂಗೇ ಕಾಣ್."

ಕಿಟಕಿಯ ಹೊರಗೆ ಮುಖ ತಿರುಗಿಸಿದೆ. ಅತ್ತೆ ಮುಂದೆ ಬಗ್ಗಿ ಆಕೆಯ ಹೆಗಲು ತಟ್ಟಿದರು.

"ಆ ಅತ್ತಿ ನಾನೇ," ಎಂದರು. "ಟೀಚರ್ ಇದೇ, ಕಿಟ್ಕಿ ಹತ್ರ ಕೂಕಂಡದ್ದ್. ಹಿತ್ಲಿಗ್ ಹಾಕುಕೆ ನಾನೆಂತ ಬಾಳಿ ಸಸಿಯಾ? ನನ್ ಮನಿಗ್ ಹಂಚ್ ತಪ್ಪುಕ್ ಹೊರ್ಟದ್ ನಾವ್. ಹೊಸ ಮನಿ ಒಕ್ಲಿಗ್ ನೀವೂ ಬನಿ, ಮೀನ್ ಸಾರ್ ಉಂಡ್ಕಂಡ್ ಹೋಪುಕೆ."

ಬಸ್ಸಿನಲ್ಲಿ ಯಾರೋ ಗಟ್ಟಿಯಾಗಿ ನಕ್ಕರು. ಕಂಡಕ್ಟರೂ ನಕ್ಕ. ಆ ಹೆಂಗಸು ಹಾಲಾಡಿಯವರೆಗೆ ಹಿಂದೆ ತಿರುಗಲಿಲ್ಲ. ಆದರೆ ಇಳಿಯುವಾಗ ಅತ್ತೆಯ ಹತ್ತಿರ ಬಂದು, "ಬೇಜಾರ್ ಮಾಡ್ಕಂಬೇಡಿ ಅಕ್ಕ," ಎಂದು ಹೇಳಿಯೇ ಇಳಿದಳು. ನಾನು ಆ ದಿನದಿಂದ ಮದುವೆಮನೆಗಳಲ್ಲಿ ಮೂಲೆ ಹುಡುಕುವುದನ್ನು ಬಿಟ್ಟೆ. ಯಾರಾದರೂ ಸುತ್ತಿ ಬಳಸಿ ಕೇಳಿದರೆ, "ಹೌದು, ಅತ್ತೆ ಮನೆ ಕಟ್ಟಿಸುತ್ತಿದ್ದಾರೆ, ನೋಡಲು ಬನ್ನಿ," ಎನ್ನುತ್ತಿದ್ದೆ.

ಮಾರ್ಚ್ ಕಳೆಯುವಾಗ ಬಿಸಿಲು ಚುರುಕಾಯಿತು. ನಮ್ಮ ಬಾವಿಯ ನೀರು ಉಪ್ಪಾಗತೊಡಗಿತು. ಉಪ್ಪುನೀರು ಹೊಡೆದರೆ ಗೋಡೆ ಬಾಳುವುದಿಲ್ಲ ಎಂದು ಮೇಸ್ತ್ರಿ ಕೆಲಸ ನಿಲ್ಲಿಸಿ ಕೂತರು. ಟ್ಯಾಂಕರಿನ ನೀರಿಗೆ ಹೇಳಿದರೆ ಅದು ಊರಿನಲ್ಲಿ ಕುಡಿಯುವುದಕ್ಕೇ ಸಾಲುತ್ತಿರಲಿಲ್ಲ. ಮಳೆ ಹಿಡಿಯುವುದರೊಳಗೆ ಮಾಡು ಏರದಿದ್ದರೆ ಹಸಿ ಗೋಡೆಯ ಮೇಲೆ ನಾಲ್ಕು ತಿಂಗಳು ನೀರು ಸುರಿಯುತ್ತದೆ; ನಮ್ಮ ಮಳೆ ಎಂಥದ್ದೆಂದು ಗೊತ್ತಿದ್ದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಅತ್ತೆ ಆ ವಾರ ಮಾತು ಕಡಿಮೆ ಮಾಡಿದರು. ಹಾಗೆ ಕೂತಿದ್ದ ಒಂದು ಬೆಳಿಗ್ಗೆ ಕಂಪೌಂಡಿನ ಮೇಲಿಂದ ಒಂದು ಹಸಿರು ಪೈಪು ಈಚೆ ಬಿತ್ತು. ಆಚೆಯಿಂದ ಶೀನಣ್ಣನ ಸ್ವರ.

"ಕಾವೇರಕ್ಕ, ಪಂಪ್ ಹಾಕ್ತೆ. ಹಿಡ್ಕಣಿ."

"ನಿಂಗ್ ಕಡ್ಮಿ ಆತಿಲ್ಯಾ?" ಅತ್ತೆ ಕೂಗಿ ಕೇಳಿದರು.

"ಬೆಳಿಗ್ಗೆ ಎಲ್ಲರೂ ಕೊಡ ತುಂಬ್ಸಿ ಹೋದ್ ಮೇಲೆ ಹಾಕುದ್. ಒರತಿ ಒಳ್ಳೆದಿತ್ತ್," ಎಂದರು ಶೀನಣ್ಣ.

ಗೋಡೆ ಪೂರ್ತಿಯಾಗುವವರೆಗೆ ಆ ಪೈಪು ದಿನವೂ ಬಂತು. ಮೇ ತಿಂಗಳಲ್ಲಿ ಮಾಡಿಗೆ ಮರದ ಪಕ್ಕಾಸು ಕೂರಿಸಿ, ಅದರ ಮೇಲೆ ಅಡ್ಡಕ್ಕೆ ರೀಪು ಹೊಡೆದು, ಹಾಲಾಡಿಯ ಹಂಚನ್ನು ತೊಳೆದು ಒಂದೊಂದಾಗಿ ಮೇಲಕ್ಕೆ ದಾಟಿಸಿದೆವು. ಮೀನು ಮಾರುವ ಹೆಂಗಸರು ಮಧ್ಯಾಹ್ನದ ಮೇಲೆ ಬಂದು ಸಾಲಾಗಿ ನಿಂತು ಹಂಚು ದಾಟಿಸಿದರು. ಬಿಸಿಲಲ್ಲಿ ನಿಂತ ಅವರ ಮಾತು ನಗೆ ಮಾಡಿನ ಮೇಲಿದ್ದ ಮೇಸ್ತ್ರಿಗೆ ಕೆಲಸ ಮರೆಸುವಷ್ಟಿತ್ತು. ಶೈಲಜಾ ಮೇಡಂ ಒಮ್ಮೆ ಬಂದು ಟೇಪು ಹಿಡಿದು ಎಲ್ಲ ಅಳೆದರು. ಮಾಡಿನ ಅಂಚು ಗಡಿಯಿಂದ ಎಷ್ಟು ಒಳಗಿದೆ, ಗುಂಡಿ ಎಲ್ಲಿದೆ, ನೀರು ಹೋಗುವ ಕಣಿ ಎತ್ತ ತಿರುಗಿದೆ. ಎಲ್ಲ ಮುಗಿಸಿ ಹೊಸ ಜಗಲಿಯ ಮೇಲೆ ಕುಳಿತು, "ಟೀಚರ್, ಆ ದಿನ ನಿಮಗೆ ಹಾಗೆ ಹೇಳಬಾರದಿತ್ತು," ಎಂದರು. ನಾನು, "ನೀವು ಬಂದು ಕೇಳಿದಿರಲ್ಲ ಮೇಡಂ, ಉಳಿದವರು ಅದನ್ನೂ ಮಾಡಲಿಲ್ಲ," ಎಂದೆ. ನಿಜವಾಗಿಯೂ ನನ್ನ ಮನಸ್ಸಿನಲ್ಲಿ ಆಗ ಏನೂ ಉಳಿದಿರಲಿಲ್ಲ.

ಬೋಟುಗಳು ಮಳೆಗಾಲಕ್ಕೆ ದಡಕ್ಕೆ ಬರುವ ಮೊದಲೇ ಒಕ್ಕಲು, ಅಂದರೆ ಗೃಹಪ್ರವೇಶ, ಮಾಡಿದೆವು. ಸುರೇಶ ಎರಡು ದಿನಕ್ಕೆ ಬಂದಿದ್ದರು. ಮರ ಇದ್ದ ಜಾಗದಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗಿ, ತಾಯಿ ಹೊತ್ತಿಸಿದ ಒಲೆಯ ಮುಂದೆ ಕುಳಿತು ಬಂಗುಡೆ ಸಾರಿನಲ್ಲಿ ಎರಡು ಸಲ ಅನ್ನ ಕಲಸಿದರು. ಒಳ್ಳೆಯದಾಯಿತೆಂದು ಬಾಯಿಬಿಟ್ಟು ಹೇಳುವ ಜನ ಅವರಲ್ಲ. ಆದರೆ ಮಳೆ ಹಿಡಿದು ರಜೆಯಲ್ಲಿ ಮನೆಯಲ್ಲಿದ್ದ ಎರಡು ತಿಂಗಳು ನನ್ನ ಅಡುಗೆಯನ್ನು ಸ್ವಲ್ಪ ಉಂಡು, ಕೊಡೆ ಹಿಡಿದು ಹಿತ್ತಿಲಿಗೆ ಹೋಗುತ್ತಿದ್ದರು. ನಾನು ಕಂಡೂ ಕಾಣದ ಹಾಗೆ ಇದ್ದೆ. ಕೆಲವು ದಿನ ನಾನೂ ಹಿಂದೆಯೇ ಹೋಗುತ್ತಿದ್ದೆ.

ಮಳೆ ಜೋರಾದ ಮೊದಲ ದಿನ ಮಾಡಿನಿಂದ ಇಳಿದ ನೀರು ಮೇಡಂ ತೋರಿಸಿದ ಕಣಿಯಲ್ಲೇ ಹರಿದು ನಮ್ಮ ಗದ್ದೆಯ ಬದಿಗೆ ಹೋಯಿತು. ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಅದನ್ನು ನೋಡುತ್ತಿದ್ದರು. ಮಳೆಗಾಲದಲ್ಲಿ ಮೀನು ಕಡಿಮೆ. ಅವರ ಗೆಳತಿಯರು ದಿನ ಬಿಟ್ಟು ದಿನ ಬರುತ್ತಿದ್ದರು. ಮಳೆಯ ಸದ್ದಿನ ಮೇಲೆ ಅವರ ಮಾತಿನ ಸದ್ದು ಏರಿ ನಮ್ಮ ಅಡುಗೆಮನೆಯವರೆಗೆ ಬರುತ್ತಿತ್ತು. ನನಗೆ ಉತ್ತರಪತ್ರಿಕೆ ತಿದ್ದಲು ಒಮ್ಮೊಮ್ಮೆ ತೊಂದರೆಯಾಗುತ್ತಿತ್ತು. ಹೇಳಲು ಮನಸ್ಸಾಗಲಿಲ್ಲ.

ಮಳೆಗಾಲ ಮುಗಿದು ಮದುವೆಯ ದಿನಗಳು ಬಂದವು. ನಮ್ಮ ಕೇರಿಯ ಗಂಡಹೆಂಡತಿ ಮಗಳ ಮದುವೆಗೆ ಕರೆಯಲು ಬಂದರು. ನಾನು ಕುರ್ಚಿ ಕೊಟ್ಟೆ, ಕಾಪಿ ಕೊಟ್ಟೆ. ಅವರು ಕರೆಯೋಲೆ ಕೈಗಿಟ್ಟು, "ಮನಿಯೋರೆಲ್ಲ ಬರ್ಕ್," ಎಂದರು. ನಾನು, "ಅತ್ತೆಗೂ ಹೇಳುತ್ತೇನೆ," ಎಂದೆ.

ಆ ಹೆಂಗಸು ಎದ್ದು ನಿಂತು, ಚೀಲದಿಂದ ಇನ್ನೊಂದು ಕರೆಯೋಲೆ ತೆಗೆದಳು. "ಹಾಂಗ್ ಹ್ಯಾಂಗಾತ್ತ್ ಟೀಚರೇ? ಅವ್ರ್ ಮನಿಗ್ ಹೋಯ್ ಕರಿಯದಿದ್ರೆ ಕ್ರಮ ಆತ್ತಾ?" ಎಂದು ಅಂಗಳಕ್ಕಿಳಿದು ಹಿತ್ತಿಲ ಕಡೆ ನಡೆದಳು. ಗಂಡನೂ ಹಿಂದೆ ಹೋದ.

ನಾನು ಅಡುಗೆಮನೆಯ ಕಿಟಕಿಗೆ ಬಂದೆ. ಅತ್ತೆ ಜಗಲಿಯಲ್ಲಿ ಚಾಪೆ ಹಾಸಿ ಅವರನ್ನು ಕೂರಿಸಿದ್ದರು. ಕರೆಯೋಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಕೆ ಕೇಳಿದಳು, "ಟೀಚರೂ ಸುರೇಶನೂ ಬತ್ರಲ್ದಾ?"

"ನಮ್ ಮನಿಯಿಂದ ನಾನ್ ಬತ್ತೆ," ಎಂದರು ಅತ್ತೆ. "ಅವ್ರ್ ಮನಿದ್ ನಂಗ್ ಗೊತ್ತಿಲ್ಲೆ. ಅವ್ರನ್ನೇ ಕೇಣಿ."